ಬೈಪಾಸ್ ಶಸ್ತ್ರಚಿಕಿತ್ಸೆಯ ಅನಂತರದ ಪಥ್ಯ

1967ರಲ್ಲಿ ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ಡಾ. ರೆನೆ ಫವಲೊರೊ ಅವರು ರೂಢಿಗೆ ತಂದ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯು ಕಟ್ಟಿಕೊಂಡ ರಕ್ತನಾಳವನ್ನು ತೆರೆಯುವುದಿಲ್ಲ. ಕಾಲಿನಿಂದಲೋ ಎದೆಗೋಡೆಯಿಂದಲೋ ಪಡೆದ ನಾಳದ ಮೂಲಕ ರಕ್ತಕ್ಕೆ ಬಳಸುದಾರಿಯನ್ನು ಕಲ್ಪಿಸುತ್ತದೆ. ನಾಳಗಳನ್ನು ಕೆಡಿಸಿದ ವ್ಯಾಧಿಯಾದರೋ ದೇಹದಲ್ಲಿಯೇ ಉಳಿದಿರುತ್ತದೆ. ಆದುದರಿಂದ ವೈದ್ಯರ ಸೂಚನೆಗಳು ಬರಿಯ ಉಪಚಾರದ ಮಾತುಗಳಲ್ಲ.

ಸೀಳಿದ ಎದೆಯ ಮೂಳೆಯು ಕೂಡಿಕೊಳ್ಳಲು 6ರಿಂದ 12 ವಾರಗಳು ಬೇಕು. ಅಲ್ಲಿಯವರೆಗೆ ತುಂಬಿದ ಕೊಡವನ್ನು ಎತ್ತಲಾಗದು. ಆಸ್ಪಿರಿನ್ ಮಾತ್ರೆಯು ಹೊಸ ನಾಳದಲ್ಲಿ ರಕ್ತವು ಹೆಪ್ಪುಗಟ್ಟದಂತೆ ಕಾಯುತ್ತದೆ. ಸ್ಟ್ಯಾಟಿನ್ ಮಾತ್ರೆಯು ರಕ್ತದ ಕೊಬ್ಬನ್ನು ತಗ್ಗಿಸಿ, ನಾಳವು ಮತ್ತೆ ಕಿರಿದಾಗುವುದನ್ನು ನಿಧಾನಗೊಳಿಸುತ್ತದೆ. ನೋವಡಗಿದೊಡನೆ ಗುಣವಾಯಿತೆಂದು ಬಗೆದು, ಮಾತ್ರೆಯನ್ನು ಬಿಟ್ಟು ಬೀಡಿಗೆ ಮರಳಿದರೆ ಆ ಬಳಸುದಾರಿಯೂ ಮುಚ್ಚಬಹುದು. ನೋವಿಲ್ಲದ ದಿನಗಳಲ್ಲಿಯೇ ಪಥ್ಯವು ಅಗತ್ಯವೆಂಬುದನ್ನು ರೋಗಿಯೂ ಮನೆಯವರೂ ಮನಗಾಣಬೇಕು.