ಗಪ್ಪಿಯ ಖರ್ಚು ಗಪ್ಪಿಯೇ ದುಡಿಯಲಿ

ಅಕ್ವೇರಿಯಂನಲ್ಲಿ ಸಾಕುವ ಗಪ್ಪಿ ಮೀನು ಮೊಟ್ಟೆ ಇಡೋದಿಲ್ಲ. ಸುಮಾರು 4 ವಾರಕ್ಕೊಮ್ಮೆ ನೇರವಾಗಿ ಮರಿಯನ್ನೇ ಹಾಕುತ್ತೆ. ಒಮ್ಮೆ ಗಂಡಿನ ಜೊತೆ ಕೂಡಿದ ಹೆಣ್ಣು ವೀರ್ಯವನ್ನು ತಿಂಗಳುಗಟ್ಟಲೆ ಒಡಲಲ್ಲೇ ಉಳಿಸಿಕೊಂಡು, ಗಂಡಿಲ್ಲದೆಯೂ ಮತ್ತೆ ಮತ್ತೆ ಮರಿ ಹಾಕಬಲ್ಲದು. ಎಂಥ ಅಚ್ಚರಿ ನೋಡಿ!

ಆದರೆ ತಾಯಿಮೀನೇ ಮರಿಗಳನ್ನು ನುಂಗಿಬಿಡುತ್ತೆ. ತೊಟ್ಟಿಯಲ್ಲಿ ಜಾವಾ ಮಾಸ್ ಎಂಬ ಪಾಚಿಗಿಡವನ್ನು ದಟ್ಟವಾಗಿ ಬೆಳೆಸಿ. ಮರಿಗಳು ಅದರೊಳಗೆ ಅವಿತು ಬದುಕುತ್ತವೆ. ಆಗತಾನೇ ಮೊಟ್ಟೆಯೊಡೆದ ಆರ್ಟೀಮಿಯಾ ಎಂಬ ಪುಟ್ಟ ಸೀಗಡಿಮರಿ ಅವಕ್ಕೆ ಒಳ್ಳೆಯ ಊಟ. ದಿನಕ್ಕೆ 3-4 ಸಲ, ಸ್ವಲ್ಪಸ್ವಲ್ಪವೇ. ಉಳಿದರೆ ನೀರು ಕೆಡುತ್ತೆ.

ಮರಿ ಹುಟ್ಟಿದ ತಿಂಗಳೊಳಗೆ ಗಂಡು, ಹೆಣ್ಣು ಬೇರೆ ಮಾಡಿ, ಇಲ್ಲದಿದ್ದರೆ ತಳಿ ಕಲಸಿಹೋಗುತ್ತೆ. ಬಾಲ ಚೆನ್ನಾಗಿ ಅರಳಿದ ಜೋಡಿಗಳನ್ನು ಹತ್ತಿರದ ಅಕ್ವೇರಿಯಂ ಅಂಗಡಿಗೆ ಕೊಡಿ. ದುಡ್ಡಿನ ಬದಲು ಫುಡ್ಡು, ಫಿಲ್ಟರ್ ತಗೊಂಡರೂ ಖರ್ಚು ಸರಿಹೋಗುತ್ತೆ. ಮಿಕ್ಕ ಮೀನುಗಳನ್ನು ಗೆಳೆಯರಿಗೆ ಹಂಚಿ. ಕೆರೆಗೆ ಮಾತ್ರ ಬಿಡಲೇಬೇಡಿ, ಅಲ್ಲಿನ ಮೀನುಗಳ ಮೊಟ್ಟೆ, ಮರಿಗಳಿಗೆ ಕುತ್ತು.