ಶಿವಾಜಿನಗರದ ಮಗುವಿಗೆ ಎರಡು ಭಾಷೆ ಸಾಕೆ?

ಮಗು ಯಾವ ಭಾಷೆಯಲ್ಲಿ ಪಾಠ ಕೇಳಬೇಕು, ಒಟ್ಟು ಎಷ್ಟು ಭಾಷೆ ಕಲಿಯಬೇಕು ಎಂಬುದು ಕರ್ನಾಟಕದಲ್ಲಿ ನಾಲ್ಕು ದಶಕಗಳಿಂದ ಮತ್ತೆ ಮತ್ತೆ ತಲೆ ಎತ್ತುತ್ತಿರುವ ಪ್ರಶ್ನೆ. ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗವು 2025ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರಿಗೆ ಸಲ್ಲಿಸಿದ ವರದಿ ಈ ಪ್ರಶ್ನೆಯನ್ನು ಮತ್ತೊಮ್ಮೆ ಮುಂದಿಟ್ಟಿತು. ಅದರ ಎರಡು ಶಿಫಾರಸುಗಳು ಪ್ರತಿಯೊಬ್ಬ ಪೋಷಕರಿಗೂ ಸಂಬಂಧಿಸಿದವು. ಒಂದು, ಐದನೇ ತರಗತಿಯವರೆಗೆ ಬೋಧನಾ ಮಾಧ್ಯಮ ಕನ್ನಡ ಅಥವಾ ಮಾತೃಭಾಷೆ ಆಗಿರಬೇಕು. ಇನ್ನೊಂದು, ತ್ರಿಭಾಷಾ ಸೂತ್ರದ ಬದಲು ದ್ವಿಭಾಷಾ ನೀತಿ ಬರಬೇಕು.

ಕಾಗದದ ಮೇಲೆ ಇವು ಎರಡೇ ಸಾಲು. ಆದರೆ ಬೆಂಗಳೂರಿನ ದಂಡು ಪ್ರದೇಶ ಮತ್ತು ಅದರ ಪೂರ್ವದ ಬಡಾವಣೆಗಳಲ್ಲಿ ಈ ಸಾಲುಗಳ ಅರ್ಥ ಬೀದಿಯಿಂದ ಬೀದಿಗೆ ಬದಲಾಗುತ್ತದೆ.

ದಂಡಿನ ಜೊತೆ ಬಂದ ಭಾಷೆಗಳು

1809ರಲ್ಲಿ ಬ್ರಿಟಿಷರು ಇಲ್ಲಿ ದಂಡು ನೆಲೆಗೊಳಿಸಿದಾಗ ಮದರಾಸಿನ ಸೈನ್ಯದೊಂದಿಗೆ ತಮಿಳು, ತೆಲುಗು, ಉರ್ದು ಮಾತನಾಡುವ ಕುಟುಂಬಗಳೂ ಬಂದವು. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರ ಕೈಗೆ ಮರಳಿದರೂ ದಂಡು ಪ್ರದೇಶ ಬ್ರಿಟಿಷರ ಆಡಳಿತದಲ್ಲೇ ಉಳಿಯಿತು. ಅದು ಮೈಸೂರಿಗೆ ಸೇರಿದ್ದು 1947ರಲ್ಲಿ. ಪೇಟೆಯೊಡನೆ ಒಂದೇ ನಗರಸಭೆಯಾದದ್ದು 1949ರಲ್ಲಿ. ಹೀಗಾಗಿ ಶಿವಾಜಿನಗರದ ಎಷ್ಟೋ ಮನೆಗಳಲ್ಲಿ ಉರ್ದು, ಹಲಸೂರಿನ ಎಷ್ಟೋ ಮನೆಗಳಲ್ಲಿ ತಮಿಳು ಇಂದಿಗೂ ಮನೆಮಾತು. ಇವರು ಮೊನ್ನೆ ಬಂದವರಲ್ಲ. ತಲೆಮಾರುಗಳಿಂದ ಇದೇ ಊರಿನವರು.

ಯಾವ ಭಾಷೆ ಬಿಡುವುದು?

ರಾಜ್ಯ ಪಠ್ಯಕ್ರಮದಲ್ಲಿ ಎಸ್ಸೆಸ್ಸೆಲ್ಸಿಯ ಅಂಕಗಳು ಒಟ್ಟು 625 ಎಂದು ನಡೆದುಬಂದಿದೆ. ಪ್ರಥಮ ಭಾಷೆಗೆ 125. ದ್ವಿತೀಯ ಭಾಷೆ, ತೃತೀಯ ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳಿಗೆ ತಲಾ 100. ಕನ್ನಡ ಮಾಧ್ಯಮದ ಮಗು ಸಾಮಾನ್ಯವಾಗಿ ಕನ್ನಡ, ಇಂಗ್ಲಿಷ್, ಹಿಂದಿ ಓದುತ್ತದೆ. ದ್ವಿಭಾಷಾ ನೀತಿ ಬಂದರೆ ಆ ಮಗುವಿಗೆ ಹಿಂದಿಯ ಹೊರೆ ಇಳಿಯುತ್ತದೆ, ಅಷ್ಟೆ.

ಉರ್ದು ಮಾಧ್ಯಮದ ಮಗುವಿನ ಲೆಕ್ಕ ಬೇರೆ. ಅದಕ್ಕೆ ಬೇಕಾದ ಮೂರು ಭಾಷೆಗಳು ಉರ್ದು, ಕನ್ನಡ, ಇಂಗ್ಲಿಷ್. ಇವುಗಳಲ್ಲಿ ಯಾವುದನ್ನು ಕೈಬಿಡಬೇಕು? ಉರ್ದು ಬಿಟ್ಟರೆ ಮನೆಮಾತಿನ ಓದುಬರಹ ತಪ್ಪುತ್ತದೆ. ಕನ್ನಡ ಬಿಡಲು 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮವೇ ಒಪ್ಪದು. ಬಿಟ್ಟರೆ ಮಗು ತನ್ನ ರಾಜ್ಯದಲ್ಲೇ ಪರಕೀಯವಾಗುತ್ತದೆ. ಇಂಗ್ಲಿಷ್ ಬಿಡಲು ಯಾವ ತಂದೆತಾಯಿ ಒಪ್ಪಿಯಾರು? ತಮಿಳನ್ನು ಪ್ರಥಮ ಭಾಷೆಯಾಗಿ ಓದುವ ಹಲಸೂರಿನ ಮಗುವಿನ ಕಷ್ಟವೂ ಇದೇ.

ದ್ವಿಭಾಷೆಯ ಚರ್ಚೆಯೆಲ್ಲ ‘ಹಿಂದಿ ಬೇಕೆ, ಬೇಡವೆ’ ಎಂಬಲ್ಲಿಗೆ ನಿಂತುಬಿಟ್ಟರೆ ಈ ಮಕ್ಕಳು ಮರೆತುಹೋಗುತ್ತಾರೆ. ಎಲ್ಲರಿಗೂ ಎರಡು ಭಾಷೆ ಕಡ್ಡಾಯ ಮಾಡಿ, ಮನೆಮಾತು ಬೇರೆಯಿರುವ ಮಕ್ಕಳಿಗೆ ಮೂರನೆಯದನ್ನು ಕಲಿಯುವ ಅವಕಾಶ ಉಳಿಸಿದರೆ ನೀತಿಯೂ ಉಳಿಯುತ್ತದೆ, ಮಗುವೂ ಉಳಿಯುತ್ತದೆ.

ಮಾಧ್ಯಮದ ನಿಯಮ ಯಾರಿಗೆ?

ಮಾಧ್ಯಮದ ಪ್ರಶ್ನೆಗೆ ನ್ಯಾಯಾಲಯದ ಇತಿಹಾಸವಿದೆ. ಒಂದರಿಂದ ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಬೋಧಿಸಬೇಕೆಂದು ಸರ್ಕಾರ 1994ರಲ್ಲಿ ಆದೇಶ ಹೊರಡಿಸಿತ್ತು. ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳು ಅದನ್ನು ಪ್ರಶ್ನಿಸಿದವು. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2014ರ ಮೇ 6ರಂದು ತೀರ್ಪು ನೀಡಿ, ಪ್ರಾಥಮಿಕ ಶಿಕ್ಷಣಕ್ಕೆ ಮಾತೃಭಾಷೆಯನ್ನೇ ಮಾಧ್ಯಮವಾಗಿ ಹೇರುವ ಅಧಿಕಾರ ರಾಜ್ಯಕ್ಕಿಲ್ಲ ಎಂದಿತು. ಮಗುವಿನ ಮಾತೃಭಾಷೆ ಯಾವುದೆಂದು ನಿರ್ಧರಿಸುವವರು ಪೋಷಕರೇ ಎಂದೂ ಹೇಳಿತು.

ಅಂದರೆ ಇಂದಿರಾನಗರದ ಖಾಸಗಿ ಇಂಗ್ಲಿಷ್ ಶಾಲೆಗೆ ಕೇವಲ ಸರ್ಕಾರಿ ಆದೇಶದಿಂದ ಮಾಧ್ಯಮ ಬದಲಿಸುವುದು ಸುಲಭವಲ್ಲ. ಶಿಫಾರಸಿನ ಬಿಸಿ ಮೊದಲು ತಟ್ಟುವುದು ಸರ್ಕಾರಿ ಶಾಲೆಗೆ. 2019-20ರಲ್ಲಿ ಸರ್ಕಾರವೇ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಲು ಮುಂದಾಗಿತ್ತು. ಅಂಥ ವಿಭಾಗಗಳನ್ನು ಮುಚ್ಚಿದರೆ ಕೂಲಿ ಮಾಡುವ ತಂದೆ ಸಾಲ ಮಾಡಿಯಾದರೂ ಮಗುವನ್ನು ಪಕ್ಕದ ಖಾಸಗಿ ಶಾಲೆಗೆ ಸೇರಿಸಿಯಾನು. ಆಗ ಖಾಲಿಯಾಗುವುದು ಸರ್ಕಾರಿ ಶಾಲೆಯ ಬೆಂಚು.

ಆರನೇ ತರಗತಿಯ ಮೆಟ್ಟಿಲು

ಹಾಗೆಂದು ಶಿಫಾರಸಿನ ಹಿಂದಿನ ತತ್ತ್ವ ತಪ್ಪಲ್ಲ. ತಿಳಿದ ಭಾಷೆಯಲ್ಲಿ ಹೇಳಿದ ವಿಷಯ ಬೇಗ ಮನಸ್ಸಿಗಿಳಿಯುತ್ತದೆ. ಒದ್ದೆ ಬಟ್ಟೆ ಒಣಗುವುದೇಕೆ, ತಣ್ಣೀರಿನ ಲೋಟದ ಹೊರಮೈಯಲ್ಲಿ ಹನಿ ಮೂಡುವುದೇಕೆ ಎಂದು ಮನೆಮಾತಿನಲ್ಲಿ ಕೇಳಿದ ಮಗು ಕಾರಣ ಹುಡುಕುತ್ತದೆ. ಅರ್ಥವಾಗದ ಭಾಷೆಯಲ್ಲಿ ಕೇಳಿದ ಮಗು ಉತ್ತರ ಉರುಹೊಡೆಯುತ್ತದೆ. ಸಾಧ್ಯವಾದಷ್ಟು ಮಟ್ಟಿಗೆ ಮಾತೃಭಾಷೆಯಲ್ಲೇ ಬೋಧನೆ ಇರಲಿ ಎಂದು 2009ರ ಶಿಕ್ಷಣ ಹಕ್ಕು ಕಾಯಿದೆಯೂ ಹೇಳುತ್ತದೆ. ತ್ರಿಭಾಷಾ ಸೂತ್ರವನ್ನು ಎತ್ತಿಹಿಡಿದ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಈ ಒಂದು ವಿಷಯದಲ್ಲಿ ಇದೇ ದಾರಿಯಲ್ಲಿದೆ.

ತೊಡಕಿರುವುದು ಮುಂದಿನ ಮೆಟ್ಟಿಲಿನಲ್ಲಿ. ಐದನೆಯವರೆಗೆ ‘ಆವೀಕರಣ’, ‘ಸಾಂದ್ರೀಕರಣ’ ಎಂದು ಕಲಿತ ಮಗು ಆರನೆಯಲ್ಲಿ ಇಂಗ್ಲಿಷ್ ಮಾಧ್ಯಮಕ್ಕೆ ಹೋದರೆ ಅದೇ ಸಂಗತಿ ‘ಇವ್ಯಾಪರೇಷನ್’, ‘ಕಂಡೆನ್ಸೇಷನ್’ ಆಗಿ ಎದುರು ನಿಲ್ಲುತ್ತದೆ. ನಾಲ್ಕು ಮತ್ತು ಐದನೇ ತರಗತಿಗಳಲ್ಲೇ ಎರಡೂ ಪದಗಳನ್ನು ಜೊತೆಜೊತೆಗೆ ಪರಿಚಯಿಸಿದರೆ ಈ ಮೆಟ್ಟಿಲು ತಗ್ಗುತ್ತದೆ. ಅದಕ್ಕೆ ಎರಡೂ ಭಾಷೆ ಬಲ್ಲ ಶಿಕ್ಷಕರು ಬೇಕು, ದ್ವಿಭಾಷಾ ಪುಸ್ತಕ ಬೇಕು.

ಕೆ.ಆರ್.ಪುರದ ಕಡೆ ಇನ್ನೊಂದು ಪ್ರಶ್ನೆ ಕಾದಿದೆ. ಅಲ್ಲಿ ಕಟ್ಟಡ ಕೆಲಸಕ್ಕೆ ಬಂದ ಒಡಿಯಾ, ಬಂಗಾಳಿ ಕುಟುಂಬಗಳ ಮಕ್ಕಳಿದ್ದಾರೆ. ರಾಜ್ಯ ಪಠ್ಯಪುಸ್ತಕಗಳು ಬರುವುದು ಕನ್ನಡ, ಇಂಗ್ಲಿಷ್, ಉರ್ದು, ತಮಿಳು, ತೆಲುಗು, ಮರಾಠಿ, ಹಿಂದಿ ಎಂಬ ಏಳು ಮಾಧ್ಯಮಗಳಲ್ಲಿ. ‘ಮಾತೃಭಾಷೆ’ ಎಂಬ ಪದ ಈ ಮಕ್ಕಳಿಗೆ ಏನನ್ನೂ ಕೊಡದು. ಅವರಿಗೆ ಬೇಕಾದದ್ದು ಮೊದಲ ಕೆಲವು ತಿಂಗಳು ಆಡುಮಾತಿನ ಕನ್ನಡ ಕಲಿಸುವ ವ್ಯವಸ್ಥೆ.

ಪೋಷಕರು ಕೇಳಬೇಕಾದದ್ದು

ಶಿಫಾರಸು ಆದೇಶವಲ್ಲ. ಅದು ಸಚಿವ ಸಂಪುಟವನ್ನು ದಾಟಬೇಕು, ಕಾನೂನಾಗಬೇಕಾದರೆ ವಿಧಾನಮಂಡಲವನ್ನೂ ದಾಟಬೇಕು. ಆದ್ದರಿಂದ ವದಂತಿ ನಂಬಿ ಮಗುವಿನ ಶಾಲೆ ಬದಲಿಸುವುದು ಬೇಡ. ಸುಮ್ಮನೆ ಕೂರುವುದೂ ಬೇಡ. ಸರ್ಕಾರಿ ಶಾಲೆಗಳ ಎಸ್‌ಡಿಎಂಸಿ ಸಭೆಯಲ್ಲಿ ಪೋಷಕರೇ ಸದಸ್ಯರು. ನಮ್ಮ ಮಗುವಿನ ಮೂರನೇ ಭಾಷೆ ಏನಾಗುತ್ತದೆ? ಆರನೇ ತರಗತಿಗೆ ಸೇತುವೆ ಯಾವುದು? ಅದಕ್ಕೆ ಶಿಕ್ಷಕರು ಎಷ್ಟು? ಈ ಮೂರು ಪ್ರಶ್ನೆಗಳು ಸಭೆಯ ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ. ನೀತಿ ಅಂತಿಮವಾದ ಮೇಲೆ ಕೇಳುವುದಕ್ಕಿಂತ ಈಗ ಕೇಳುವುದು ಮೇಲು.