ಬದು ಕೊರೆಯುವ ಸಣ್ಣ ಹೆಗ್ಗಣ

ಸಂಜೆ ಗದ್ದೆಗೆ ಕಟ್ಟಿದ ನೀರು ಬೆಳಗಾಗುವುದರೊಳಗೆ ಕೆಳಗಿನ ಗದ್ದೆಗೆ ಸೋರಿಹೋಗಿ, ಬದುವಿನ ಮೇಲೆ ಹಸಿ ಮಣ್ಣಿನ ಗುಡ್ಡೆ ಕಂಡುಬಂದರೆ ಅದು ಸಾಮಾನ್ಯವಾಗಿ ಸಣ್ಣ ಹೆಗ್ಗಣದ ಕೆಲಸ. ಮಣ್ಣು ತೋಡಿ ಹೊರಹಾಕುವ ಸ್ವಭಾವದಿಂದಾಗಿ ಇಂಗ್ಲಿಷಿನಲ್ಲಿ ಇದನ್ನು 'ಮೋಲ್ ರ‍್ಯಾಟ್' ಎಂದೂ ಕರೆಯುತ್ತಾರೆ. ನಿಜವಾದ ಮೋಲ್ ಎರೆಹುಳು, ಕೀಟಗಳನ್ನು ತಿನ್ನುವ ಬೇರೆಯೇ ಪ್ರಾಣಿ. ಸಣ್ಣ ಹೆಗ್ಗಣವಾದರೋ ಇಲಿಯ ವಂಶದ್ದು. ಇದರ ಶಾಸ್ತ್ರೀಯ ಹೆಸರು ಬ್ಯಾಂಡಿಕೋಟ ಬೆಂಗಾಲೆನ್ಸಿಸ್.

ಗುರುತು: ಒರಟಾದ ಕಡು ಕಂದು ಕೂದಲು, ಮೊಂಡು ಮೂತಿ, ದುಂಡನೆಯ ಕಿವಿ. ಬಾಲವು ದೇಹಕ್ಕಿಂತ ಗಿಡ್ಡ. ಕೆಣಕಿದರೆ ಕೂದಲು ನಿಮಿರಿಸಿ ಗುರುಗುಟ್ಟುತ್ತದೆ.

ವಾಸಸ್ಥಾನ: ತೇವವಿರುವ ಮಣ್ಣು ಇದಕ್ಕೆ ಇಷ್ಟ. ಭತ್ತದ ಬದು, ಕಬ್ಬಿನ ತೋಟ, ಕಾಲುವೆಯ ಏರಿಗಳಲ್ಲಿ ಬಿಲ ತೋಡುತ್ತದೆ. ಇದು ಚೆನ್ನಾಗಿ ಈಜಬಲ್ಲದು. ಬಿಲದೊಳಗೆ ಮರಿ ಹಾಕಲು ಹುಲ್ಲು ಹಾಸಿದ ಗೂಡು, ತೆನೆ ಕೂಡಿಡಲು ಕೋಣೆಗಳು, ಅಪಾಯ ಬಂದಾಗ ಪಾರಾಗಲು ಬೇರೆ ದಾರಿ ಇರುತ್ತವೆ. ಒಂದೇ ಬಿಲದಲ್ಲಿ ಒಂದು ಕಿಲೋಗೂ ಹೆಚ್ಚು ಧಾನ್ಯ ದೊರೆಯುವುದುಂಟು. ತಾನು ಒಳಗಿರುವಾಗ ಬಾಯಿಯನ್ನು ಸಡಿಲ ಮಣ್ಣಿನಿಂದ ಮುಚ್ಚಿಕೊಳ್ಳುತ್ತದೆ. ತಾಯಿ ಮರಿಗಳನ್ನು ಬಿಟ್ಟರೆ ಸಾಮಾನ್ಯವಾಗಿ ಒಂದು ಬಿಲಕ್ಕೆ ಒಂದೇ ಹೆಗ್ಗಣ.

ಸಂತಾನಾಭಿವೃದ್ಧಿ: ಗರ್ಭಾವಧಿ ಸುಮಾರು 3 ವಾರ. ಒಂದು ಸೂಲಿಗೆ ಸಾಮಾನ್ಯವಾಗಿ 6ರಿಂದ 8 ಮರಿಗಳು. ಅವು ಸುಮಾರು 3 ತಿಂಗಳಿಗೆ ಪ್ರಾಯಕ್ಕೆ ಬರುತ್ತವೆ. ಭತ್ತ ಹೊಡೆಗೆ ಬಂದು ತೆನೆ ಬಲಿಯುವ ಕಾಲದಲ್ಲಿ ಮೇವು ಹೇರಳವಾಗಿ ಸಿಗುವುದರಿಂದ ಸಂಖ್ಯೆ ಬೇಗ ಏರುತ್ತದೆ. ಆದ್ದರಿಂದ ತೆನೆ ಕಡಿದು ಬಿದ್ದ ಮೇಲೆ ಎಚ್ಚೆತ್ತರೆ ತಡವಾದಂತೆಯೇ.

ಹತೋಟಿ: ಸಂಜೆ ಬದುವಿನ ಮೇಲಿನ ಮಣ್ಣಿನ ಗುಡ್ಡೆಗಳನ್ನೆಲ್ಲ ತುಳಿದು ಸಮ ಮಾಡಿರಿ. ಮರುದಿನ ಬೆಳಿಗ್ಗೆ ಹೊಸ ಮಣ್ಣು ಬಿದ್ದ ಬಿಲಗಳಲ್ಲಿ ಮಾತ್ರ ಹೆಗ್ಗಣವಿದೆ ಎಂದು ತಿಳಿದು ಗುರುತು ಹಾಕಿರಿ. ಬೇಸಿಗೆಯಲ್ಲಿ ಮೇವಿಲ್ಲದೆ ಇವುಗಳ ಸಂಖ್ಯೆ ಕಡಿಮೆಯಾಗಿರುವಾಗಲೇ ಇಂಥ ಬಿಲಗಳನ್ನು ಅಗೆದು ಹಿಡಿಯುವುದು ಸುಲಭ. ಬದುಗಳನ್ನು ಸುಮಾರು 30 ಸೆಂ.ಮೀ. ಅಗಲಕ್ಕೆ ಕೆತ್ತಿ ಕಳೆ ತೆಗೆಯಿರಿ. ಕಿರಿದಾದ ಬದುವಿನಲ್ಲಿ ಗೂಡು ಮಾಡಲು ಅದಕ್ಕೆ ಜಾಗ ಸಾಲದು. ಕೇರೆಹಾವು, ಗೂಬೆಗಳನ್ನು ಕೊಲ್ಲಬೇಡಿ.

ಎಚ್ಚರಿಕೆ: ಬಿಲದೊಳಗೆ ಬರಿಗೈ ಹಾಕಬಾರದು, ಹಾವಿರಬಹುದು. ಹೆಗ್ಗಣದ ಮೂತ್ರ ಬೆರೆತ ನೀರಿನಿಂದ ಇಲಿಜ್ವರ ಬರುತ್ತದೆ. ಗಾಯವಿದ್ದ ಕಾಲಿನಲ್ಲಿ ಗದ್ದೆಗೆ ಇಳಿಯದಿರಿ; ಕೆಲಸದ ನಂತರ ಸಾಬೂನಿನಿಂದ ಕೈಕಾಲು ತೊಳೆಯಿರಿ.

ನಿಮ್ಮ ಬದು ಚೊಕ್ಕಟವಾಗಿದ್ದರೂ ಪಕ್ಕದ ಬದುವಿನಿಂದ ಹೆಗ್ಗಣ ಮತ್ತೆ ಬರುತ್ತದೆ. ಆದುದರಿಂದ ಒಂದೇ ಬಯಲಿನ ರೈತರೆಲ್ಲ ಸೇರಿ, ನಾಟಿಗೆ ಮೊದಲೇ, ಒಂದೇ ವಾರದಲ್ಲಿ ಈ ಕೆಲಸ ಮುಗಿಸಿದರೆ ಮಾತ್ರ ಫಲ ದೊರೆಯುವುದು.